ಸೇತುವೆಯ ಕೆಳಗಿನ ಬಲೆ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಂಡೆಯ ಉದ್ಯಾನಗಳನ್ನು ಸುತ್ತಿಸಿ, ಮಗಳು ನನ್ನನ್ನು ಗೋಲ್ಡನ್ ಗೇಟ್ ಸೇತುವೆಯ ಮೇಲೆ ನಡೆಸಿಕೊಂಡು ಹೋದಳು. ಕಟ್ಟುವಾಗ ಕೆಳಗೆ ಹಾಸಿದ್ದ ಬಲೆ, ಜಾರಿಬಿದ್ದ 19 ಕೆಲಸಗಾರರನ್ನು ಉಳಿಸಿತಂತೆ. 1937ರಲ್ಲಿ ಸೇತುವೆ ತೆರೆದ ಮೇಲೆ, ಬದುಕು ಬೇಡವೆಂದು ಧುಮುಕಿದವರಿಗೆ ಮಾತ್ರ ಬಲೆಯಿರಲಿಲ್ಲ. ಹಾಕಿದರೆ ಸೇತುವೆಯ ಅಂದ ಕೆಡುತ್ತದೆ ಎಂದವರಿದ್ದರು. ಉಕ್ಕಿನ ಬಲೆ ಪೂರ್ತಿಯಾದದ್ದು 2024ರಲ್ಲಿ.

"ಎಂಥ ಜನವೇ ಇವರು!" ಎಂದೆ. ಅವಳು ಮಾತಾಡಲಿಲ್ಲ.

ಆಗ ನೆನಪಾಯಿತು. ಗಂಡನ ಮನೆಯಲ್ಲಿ ಇರಲಾರೆನಮ್ಮಾ ಎಂದು ಅವಳು ಅತ್ತುಕೊಂಡು ಬಂದಾಗ, "ನಾಲ್ಕು ಜನ ಏನಂದಾರು?" ಎಂದು ಹಿಂದಕ್ಕೆ ಕಳಿಸಿದವಳು ನಾನೇ. ನಾನೂ ಮನೆಯ ಅಂದವನ್ನೇ ಕಾಯ್ದಿದ್ದೆ. ನೋಡುವವರ ಕಣ್ಣಿಗಿಂತ ಬೀಳುವವರ ಜೀವ ದೊಡ್ಡದೆಂದು ತಿಳಿಯಲು ಇಷ್ಟು ದೂರ ಬರಬೇಕಾಯಿತೆ?

ಗಾಳಿ ಜೋರಾಗಿತ್ತು. ಅವಳೇ ನನ್ನ ಕೈ ಹಿಡಿದಳು.