ರುಜು ಬಂತು, ಪತ್ರ ನಿಂತಿತು

ಕಳೆದ ಕ್ರಿಸ್ತಜಯಂತಿಗೆ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲಿದ್ದ ತಗಡಿನ ಟ್ರಂಕು ಕೆಳಗಿಳಿಯಿತು. ಅದರ ತಳದಲ್ಲಿ ನನ್ನ ಹದಿಮೂರನೇ ವಯಸ್ಸಿನ ಆಟೋಗ್ರಾಫ್ ಪುಸ್ತಕವಿತ್ತು. ಗುಲಾಬಿ, ಹಳದಿ, ತಿಳಿಹಸಿರು ಹಾಳೆಗಳ ಪುಟ್ಟ ಪುಸ್ತಕ. ನನ್ನ ವಯಸ್ಸಿನ ಓದುಗರಿಗೆ ಅದು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಒಂದು ಹಾಳೆಯ ಮೇಲೆ ಅಂಟಿನಿಂದ ಮೆತ್ತಿದ್ದ ಅಂಚೆ ಕಾರ್ಡು, ಅದರಲ್ಲಿ ಒಬ್ಬ ಹಳೆಯ ಕ್ರಿಕೆಟ್ ಆಟಗಾರರ ರುಜು ಮತ್ತು ನಾಲ್ಕು ಸಾಲು ಬರಹ.

ರಜೆಗೆ ಬಂದಿದ್ದ ತಂಗಿಯ ಮಗ ಅದನ್ನು ತಿರುಗಿಸಿ ನೋಡಿ ಮೊಬೈಲ್ ತೆಗೆದ. "ಮಾವ, ಹಳೇ ಆಟಗಾರರ ಸಹಿಗೆ ಈಗ ಒಳ್ಳೇ ಬೆಲೆ ಇದೆ. ಮಾರಿಬಿಡೋಣವಾ?" ಎಂದ. ನನ್ನ ಮಗಳು ಕಾರ್ಡನ್ನು ಅವನ ಕೈಯಿಂದ ತೆಗೆದುಕೊಂಡು ಪೂರ್ತಿ ಓದಿದಳು. ಓದಿ, "ಅಪ್ಪಾ, ಇವರು ಏನೋ ಕೇಳಿದ್ದಾರಲ್ಲ, ನೀವು ಏನು ಬರೆದಿರಿ?" ಎಂದಳು.

ಹುಡುಗನಿಗೆ ಹೇಳಲು ನನ್ನ ಬಳಿ ಏನೋ ಒಂದು ಉತ್ತರವಿತ್ತು. ಮಗಳಿಗೆ ಹೇಳಲು ಏನೂ ಇರಲಿಲ್ಲ.

ಅದು 1980ನೇ ಇಸವಿ. ಆ ವರ್ಷದ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಭಾರತ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್ ಪಂದ್ಯ ನಡೆಯಿತು. ನಮ್ಮ ನಾಯಕ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡು ಒದ್ದಾಡುತ್ತಿತ್ತು. ಬಾಬ್ ಟೇಲರ್ ವಿಕೆಟ್ ಕೀಪರನಿಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಿಶ್ವನಾಥ್‌ಗೆ ಅನ್ನಿಸಿತು. ಅವರು ಅಂಪೈರರ ಬಳಿ ಹೋಗಿ ಮಾತಾಡಿ ಟೇಲರ್‌ರನ್ನು ವಾಪಸ್ಸು ಕರೆಸಿದರು. ಟೇಲರ್ 43 ರನ್ ಹೊಡೆದರು, ಬೋಥಮ್ ಜೊತೆ 171 ರನ್ ಕೂಡಿಸಿದರು, ಇಂಗ್ಲೆಂಡ್ 10 ವಿಕೆಟ್‌ಗಳಿಂದ ಗೆದ್ದಿತು. ಭಾನುವಾರದ ಪೂಜೆ ಮುಗಿದ ಮೇಲೆ ದೇವಾಲಯದ ಮೆಟ್ಟಿಲ ಮೇಲೆ ನಾವು ಹುಡುಗರು ಇದರ ಬಗ್ಗೆ ಜಗಳವಾಡಿದೆವು. ವಿಶಿ ಮಾಡಿದ್ದು ಸರಿ ಎಂದು ಅರ್ಧ ಜನ, ದೇಶವನ್ನು ಸೋಲಿಸಿದ ಎಂದು ಉಳಿದರ್ಧ. ಆದರೆ ಅವರ ರುಜು ಮಾತ್ರ ಎಲ್ಲರಿಗೂ ಬೇಕಿತ್ತು.

ನಮ್ಮ ಗಣಿತದ ಮೇಷ್ಟ್ರಿಗೆ ಕ್ರಿಕೆಟ್ ಹುಚ್ಚು. "ವಿಶ್ವನಾಥ್‌ಗೆ ಊರೆಲ್ಲ ಬರೆಯುತ್ತೆ. ನೀನು ಇವರಿಗೆ ಬರಿ" ಎಂದು ಬೆಂಗಳೂರಿನ ಒಂದು ವಿಳಾಸ ಕೊಟ್ಟರು. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದಲ್ಲಿ, ಅಂದರೆ 1973ಕ್ಕೆ ಮುಂಚೆ, ರಣಜಿ ಟ್ರೋಫಿ ಆಡಿ ನಿವೃತ್ತರಾಗಿದ್ದವರು. ಅವರ ಹೆಸರು ಇಲ್ಲಿ ಬೇಡ. ಆಗ ರಿಪ್ಲೈ ಕಾರ್ಡು ಎಂದು ಸಿಗುತ್ತಿತ್ತು. ಎರಡು ಕಾರ್ಡು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಒಂದರಲ್ಲಿ ನಾವು ಬರೆಯುವುದು, ಇನ್ನೊಂದನ್ನು ಪಡೆದವರು ಹರಿದು ಉತ್ತರ ಕಳಿಸುವುದು. ನಾನು ಬರೆದೆ: ಮಾನ್ಯರೇ, ನಿಮ್ಮ ಆಟ ನನಗೆ ಬಹಳ ಇಷ್ಟ, ದಯವಿಟ್ಟು ನಿಮ್ಮ ರುಜು ಕಳಿಸಿ.

ಅವರ ಆಟವನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ಪತ್ರದ ಮೊದಲ ವಾಕ್ಯವೇ ಸುಳ್ಳು.

ಒಂದು ವಾರದಲ್ಲಿ ಕಾರ್ಡು ಬಂತು. ಮೇಲೆ ದೊಡ್ಡದಾಗಿ ರುಜು. ಕೆಳಗೆ ಸಣ್ಣ ಅಕ್ಷರದಲ್ಲಿ, ಚಿರಂಜೀವಿಗೆ ಆಶೀರ್ವಾದಗಳು, ನಾನು ಆಡುವುದನ್ನು ನೀನು ನೋಡಿರಲಾರೆ, ಆಗ ನೀನು ಹುಟ್ಟಿರಲಿಲ್ಲ, ನನ್ನ ಹೆಸರನ್ನು ನಿನಗೆ ಹೇಳಿದವರು ಯಾರು, ನೀನು ಬ್ಯಾಟ್ ಮಾಡುತ್ತೀಯೋ ಬೌಲ್ ಮಾಡುತ್ತೀಯೋ, ಬರೆ. ಸುಳ್ಳನ್ನು ಹಿಡಿದೂ ಬೈದಿರಲಿಲ್ಲ. ನಾನು ಕಾರ್ಡನ್ನು ಪುಸ್ತಕಕ್ಕೆ ಮೆತ್ತಿದೆ, ಕೇರಿಯವರಿಗೆಲ್ಲ ತೋರಿಸಿದೆ. ಮೇಷ್ಟ್ರು ಎರಡು ಸಲ ಕೇಳಿದರು, "ಬರೆದೆಯೇನೋ?" "ಬರೀತೀನಿ ಸಾರ್" ಎಂದೆ. ಬರೆಯಲಿಲ್ಲ. ಕೆಲವು ವರ್ಷಗಳ ಮೇಲೆ ಆ ಹಿರಿಯರು ತೀರಿಕೊಂಡ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬೆರಳಗಲದಷ್ಟು ಬಂದಿತ್ತು.

ಇದೊಂದು ಪಾಪವೇ ಎಂದು ಕೇಳಿದರೆ ಪಾಪನಿವೇದನೆಯಲ್ಲಿ ಹೇಳುವಂಥದ್ದೇನೂ ಅಲ್ಲ. ಹುಡುಗು ಬುದ್ಧಿ ಎನ್ನಬಹುದು. ಆದರೂ ನಲವತ್ತೈದು ವರ್ಷಗಳ ಮೇಲೆ ಮಗಳ ಮುಂದೆ ತಲೆ ತಗ್ಗಿಸಬೇಕಾಯಿತು. ಅಂದಮೇಲೆ ಅದರಲ್ಲಿ ಯೋಚಿಸುವಂಥದ್ದು ಏನೋ ಇರಬೇಕು.

ಮೊದಲು ರುಜುವಿನ ಮಾತು. ನಮ್ಮಜ್ಜಿಗೆ ಓದುಬರಹ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿ ಎಂದು ಯಾರಾದರೂ ಬಂದರೆ ಆಕೆಗೆ ನಡುಕ. ಸಾಲಕ್ಕೋ ಜಮೀನಿಗೋ ಸಂಬಂಧಿಸದೆ ಆಕೆಯ ಹೆಬ್ಬೆರಳನ್ನು ಯಾರೂ ಕೇಳಿದ್ದಿಲ್ಲ. ರುಜು ಎಂದರೆ ತನ್ನನ್ನೇ ಒತ್ತೆಯಿಡುವುದು. ಸಂತ ಪೌಲರು ಫಿಲೆಮೋನನಿಗೆ ಬರೆದ ಚಿಕ್ಕ ಪತ್ರದಲ್ಲಿ, ಓಡಿಹೋಗಿದ್ದ ಒನೇಸಿಮನ ಬಾಕಿಯನ್ನು ತಾವೇ ತೀರಿಸುವುದಾಗಿ ಸ್ವಂತ ಕೈಯಿಂದ ಬರೆದು ಮಾತು ಕೊಡುತ್ತಾರೆ. ಗಲಾತ್ಯರಿಗೆ ಬರೆಯುವಾಗ, ಎಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ ನೋಡಿ ಎಂದು ತಮ್ಮ ಕೈಬರಹದತ್ತ ಬೆರಳು ತೋರಿಸುತ್ತಾರೆ. ನಾನು ಇಲ್ಲಿದ್ದೇನೆ, ನಿಮ್ಮನ್ನು ನೆನೆದೇ ಬರೆದಿದ್ದೇನೆ ಎಂಬುದಕ್ಕೆ ಅದು ಸಾಕ್ಷಿ. ಓದುವವರಿಂದ ಕಿತ್ತು ಬೇರೆ ಮಾಡಿದರೆ ಆ ದೊಡ್ಡ ಅಕ್ಷರಗಳಿಗೆ ಏನು ಉಳಿಯುತ್ತದೆ?

ಹಾಗೆ ಕಿತ್ತು ಬೇರೆ ಮಾಡಿದಾಗ ಏನಾಗುತ್ತದೆಂಬುದಕ್ಕೆ ಅಮೆರಿಕದ ಒಂದು ಸಂಗತಿ ಇದೆ. ಅಲ್ಲಿ ಕ್ರಿಕೆಟ್‌ನ ಜಾಗದಲ್ಲಿ ಬೇಸ್‌ಬಾಲ್. ನಿವೃತ್ತ ಆಟಗಾರರ ಮನೆಗೆ ಅವರ ಚಿತ್ರದ ಕಾರ್ಡು ಮತ್ತು ಅಂಚೆಚೀಟಿ ಹಚ್ಚಿದ ಲಕೋಟೆ ಕಳಿಸಿ ರುಜು ಹಾಕಿಸಿಕೊಳ್ಳುವುದು ಅಲ್ಲಿ ಬಹಳ ಮಂದಿಯ ಹವ್ಯಾಸ. ಹವ್ಯಾಸಕ್ಕೆ ಬೆಲೆ ಬಂತು, ಬೆಲೆಯ ಹಿಂದೆ ಕಳ್ಳರೂ ಬಂದರು. 1990ರ ದಶಕದ ಕೊನೆಯಲ್ಲಿ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ನಕಲಿ ರುಜುಗಳ ದೊಡ್ಡ ಜಾಲವನ್ನು ಹಿಡಿಯಿತು. ಸಿಕ್ಕ ಸರಕಿನಲ್ಲಿ ಮದರ್ ತೆರೇಸಾ ಅವರ ನಕಲಿ ರುಜು ಹಾಕಿದ ಬೇಸ್‌ಬಾಲ್ ಚೆಂಡೂ ಇತ್ತು! ಕಲ್ಕತ್ತದ ಬೀದಿಬದಿಯಲ್ಲಿ ಸಾಯುವವರ ಕೈ ಹಿಡಿದ ತಾಯಿ ಬೇಸ್‌ಬಾಲ್ ಚೆಂಡಿಗೆ ಏಕೆ ಸಹಿ ಹಾಕುತ್ತಾರೆಂದು ಅದನ್ನು ಮಾರುವವನಿಗೆ ಅನ್ನಿಸಲಿಲ್ಲ. ಕೊಳ್ಳುವವನಿಗಾದರೂ ಅನ್ನಿಸಬೇಡವೇ?

ನಗುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಮೈಸೂರಿನ ನಮ್ಮ ಸಂತ ಫಿಲೋಮಿನಾ ದೇವಾಲಯಕ್ಕೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರದ ಕಲ್ಲು ಇಟ್ಟರು. ಅದರ ನೆಲಮಾಳಿಗೆಯಲ್ಲಿ ಸಂತರ ಅವಶೇಷವಿದೆ. ಮಕ್ಕಳಾಗಿದ್ದಾಗ ಆ ಮೆಟ್ಟಿಲಿಳಿಯುವಾಗ ನಾವು ಪಿಸುಗುಟ್ಟುತ್ತಲೂ ಇರಲಿಲ್ಲ. ಪವಿತ್ರ ಅವಶೇಷಗಳನ್ನು ಮಾರುವುದನ್ನು ಧರ್ಮಸಭೆಯ ಕಾನೂನು, 1190ನೇ ವಿಧಿಯಲ್ಲಿ, ಸಂಪೂರ್ಣವಾಗಿ ನಿಷೇಧಿಸಿದೆ. ಬೆಲೆ ಹೇಳಲಾಗದ್ದಕ್ಕೆ ಬೆಲೆ ಕಟ್ಟಬಾರದು ಎಂಬುದು ಅದರ ಹಿಂದಿನ ಭಾವನೆ. ಆಟಗಾರರ ರುಜು ಪವಿತ್ರ ವಸ್ತುವಲ್ಲ, ಅದನ್ನು ಮಾರಿದರೆ ಯಾವ ಕಾನೂನೂ ಮುರಿಯುವುದಿಲ್ಲ, ನಿಜ. ಕಷ್ಟಕಾಲದಲ್ಲಿ ತಮ್ಮ ಪದಕವನ್ನೇ ಮಾರಿದ ಆಟಗಾರರಿದ್ದಾರೆ, ಅವರನ್ನು ಯಾರು ದೂಷಿಸಿಯಾರು? ಆದರೆ ಒಬ್ಬ ಹುಡುಗ ಕೇಳಿದನೆಂದು ಒಬ್ಬ ಹಿರಿಯರು ಸುಮ್ಮನೆ ಕೊಟ್ಟದ್ದನ್ನು ಆ ಹುಡುಗ ಮಾರುವುದು ನನಗೆ ಒಗ್ಗುವುದಿಲ್ಲ. ತಂಗಿಯ ಮಗನಿಗೆ ಇಷ್ಟನ್ನು ಹೇಳಿದೆ. ಅವನು ಒಪ್ಪಿದನೋ, ಮಾವನ ಮಾತೆಂದು ಸುಮ್ಮನಾದನೋ ತಿಳಿಯದು.

ಮಗಳ ಪ್ರಶ್ನೆ ಹಾಗೇ ಉಳಿಯಿತು. ಕೇಳಿದ್ದೇ ತಪ್ಪೇನೋ, ಸುಮ್ಮನೆ ಮೆಚ್ಚುಗೆ ತಿಳಿಸಿ ಬಿಡಬೇಕಿತ್ತೇನೋ ಎಂದು ಮೊದಲು ಅಂದುಕೊಂಡೆ. ಏನನ್ನೂ ಬೇಡದೆ ಬರೆಯುವುದೇ ಶ್ರೇಷ್ಠ ಎಂದು ಉಪದೇಶ ಮಾಡುವುದು ಸುಲಭ. ಆದರೆ ಶುಭಸಂದೇಶವನ್ನು ತೆರೆದರೆ ಯೇಸುಸ್ವಾಮಿ ಸಮಾರಿಯದ ಹೆಂಗಸಿನ ಬಳಿ ಮೊದಲು ನೀರು ಕೇಳುತ್ತಾರೆ. ಯಾರೂ ಏನೂ ಕೇಳದೆ ದೂರವಿಟ್ಟಿದ್ದವಳು ಆಕೆ. ಕೇಳಿದ್ದರಿಂದಲೇ ಮಾತು ಹುಟ್ಟಿತು. ಕೇಳುವುದೂ ಒಬ್ಬರಿಗೆ ಮರ್ಯಾದೆ ಕೊಟ್ಟಂತೆ. ನಿಮ್ಮಲ್ಲಿ ನನಗೆ ಬೇಕಾದದ್ದು ಇದೆ ಎಂದು ಹೇಳಿದಂತೆ. ಆಟ ನಿಂತ ಮೇಲೆ, ಚಪ್ಪಾಳೆ ನಿಂತ ಮೇಲೆ, ಮನೆಯ ಜಗಲಿಯಲ್ಲಿ ಕೂತವರಿಗೆ ಅಂಚೆಯವನು ಒಂದು ಕಾರ್ಡು ತಂದುಕೊಟ್ಟರೆ ಅದು ಹೊರೆಯಾಗಿರಲಾರದು.

ಮೈಸೂರಿನಲ್ಲೇ 1945ರಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರನ್ನು ನೆನೆಯಿರಿ. ಬಾಲ್ಯದಲ್ಲಿ ಪೋಲಿಯೊ ಬಂದು ಸೊರಗಿದ ಬಲಗೈಯಲ್ಲೇ ಬೌಲ್ ಮಾಡಿ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ತೆಗೆದರು. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದರು. ಬ್ಯಾಟಿನಿಂದ ಅವರ ಒಟ್ಟು ರನ್ 167, ವಿಕೆಟ್‌ಗಳಿಗಿಂತ ಕಡಿಮೆ! 1991ರಲ್ಲಿ ರಸ್ತೆ ಅಪಘಾತದಲ್ಲಿ ಕಾಲಿಗೆ ಬಲವಾದ ಪೆಟ್ಟು ಬಿದ್ದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಓವಲ್ ಗೆಲುವಿನ ಮಾರನೆಯ ದಿನ ಅವರ ರುಜು ಯಾರಿಗೆ ಬೇಡ? ಆಸ್ಪತ್ರೆಯ ಹಾಸಿಗೆಗೆ ಬರೆಯಬೇಕಾದ ಪತ್ರವೇ ಬೇರೆ. ಅದರಲ್ಲಿ ರುಜು ಕೇಳುವ ಸಾಲಿಗೆ ಜಾಗವಿರುವುದಿಲ್ಲ.

ಯಾರಿಗೆ ಬರೆದೆವು, ಯಾರಿಗೆ ಬರೆಯಲಿಲ್ಲ ಎಂಬುದೂ ಒಂದು ಲೆಕ್ಕ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಭಾರತದ ಫುಟ್‌ಬಾಲ್ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ 1976ರಲ್ಲಿ ಭಾರತದ ಮಹಿಳಾ ತಂಡಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟ ನಾಯಕಿ. ನನ್ನ ಪುಸ್ತಕದಲ್ಲಿ ಒಬ್ಬ ಫುಟ್‌ಬಾಲ್ ಆಟಗಾರನೂ ಇಲ್ಲ, ಒಬ್ಬ ಹೆಣ್ಣುಮಗಳ ರುಜುವೂ ಇಲ್ಲ. ಆಗ ಅದು ಹೊಳೆದಿರಲೂ ಇಲ್ಲ.

ಹಾಗಾದರೆ ನನ್ನ ತಪ್ಪು ಕೇಳಿದ್ದರಲ್ಲಿಲ್ಲ. ಅವರು ಕೇಳಿದಾಗ ನಾನು ಸುಮ್ಮನಾದದ್ದರಲ್ಲಿ ಇದೆ. ನನಗೆ ರುಜು ಬಂದಲ್ಲಿಗೆ ಕೆಲಸ ಮುಗಿಯಿತು. ಅವರಿಗೆ ಅಲ್ಲಿಂದ ಮಾತು ಶುರುವಾಗಿತ್ತು. ನನ್ನ ಹೆಸರನ್ನು ನಿನಗೆ ಹೇಳಿದವರು ಯಾರು ಎಂಬ ಆ ಒಂದು ಪ್ರಶ್ನೆ ಈಗ ಓದಿದರೆ ಬೇರೆಯೇ ಕೇಳುತ್ತದೆ. ತಮ್ಮನ್ನು ಇನ್ನೂ ನೆನಪಿಟ್ಟುಕೊಂಡವರು ಮೈಸೂರಿನಲ್ಲಿ ಒಬ್ಬರಿದ್ದಾರೆಯೇ ಎಂದು ಅವರು ತಿಳಿಯಬಯಸಿದ್ದರು. ಒಬ್ಬರಿದ್ದರು. ದಿನಾ ಬೆಳಗ್ಗೆ ನನಗೆ ಗಣಿತ ಹೇಳಿಕೊಡುತ್ತಿದ್ದರು. ಅವರ ಹೆಸರನ್ನು ಹದಿನೈದು ಪೈಸೆಯ ಕಾರ್ಡಿನಲ್ಲಿ ಬರೆದು ಕಳಿಸಿದ್ದರೆ ಇಬ್ಬರು ಹಿರಿಯರಿಗೆ ಎಷ್ಟು ಸಂತೋಷವಾಗುತ್ತಿತ್ತೋ. ಈಗ ಇಬ್ಬರೂ ಇಲ್ಲ.

ಲೂಕನ ಶುಭಸಂದೇಶದ ಹತ್ತು ಕುಷ್ಠರೋಗಿಗಳ ಕಥೆಯಲ್ಲಿ ಹಿಂತಿರುಗಿದವನನ್ನೇ ನಾವು ಕೊಂಡಾಡುತ್ತೇವೆ. ಉಳಿದ ಒಂಬತ್ತು ಮಂದಿಯನ್ನು ಕೆಟ್ಟವರೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ನನಗೆ ಈಚೆಗೆ ಅವರ ಪರಿಚಯ ಚೆನ್ನಾಗಿ ಆಗಿದೆ. ಅವರು ಕೆಟ್ಟವರೇನಲ್ಲ. ಬೇಕಾದದ್ದು ಸಿಕ್ಕಿತ್ತು, ಮನೆಯವರಿಗೆ ತೋರಿಸುವ ಆತುರ, ನಾಳೆ ಹೋದರಾಯಿತು ಎಂದುಕೊಂಡರು.

ನಮ್ಮ ಶಿವರಾಮ ಕಾರಂತರು ತಮಗೆ ಬಂದ ಪತ್ರಗಳಿಗೆ, ಮಕ್ಕಳು ಬರೆದವುಗಳಿಗೂ, ಸ್ವತಃ ಉತ್ತರ ಬರೆಯುತ್ತಿದ್ದರೆಂಬುದು ಕನ್ನಡಿಗರಿಗೆಲ್ಲ ಗೊತ್ತು. 1997ರಲ್ಲಿ ಅವರು ತೀರಿಕೊಂಡ ಮೇಲೆ ಎಷ್ಟೋ ಮನೆಗಳಲ್ಲಿ ಅವರ ಕಾರ್ಡುಗಳು ಹೊರಬಂದವು. ಆ ಉತ್ತರಕ್ಕೆ ಮರುಉತ್ತರ ಬರೆದ ಮಕ್ಕಳು ಎಷ್ಟೋ, ನನ್ನ ಹಾಗೆ ಪುಸ್ತಕಕ್ಕೆ ಮೆತ್ತಿ ಸುಮ್ಮನಾದವರು ಎಷ್ಟೋ. ಈಗಿನ ಸೆಲ್ಫಿಯಲ್ಲಿ ಈ ತೊಂದರೆಯೇ ಇಲ್ಲ. ಪಕ್ಕದಲ್ಲಿ ನಿಂತವರು ಏನನ್ನಾದರೂ ಕೇಳುವಷ್ಟರಲ್ಲಿ ಚಿತ್ರ ಮುಗಿದಿರುತ್ತದೆ.

ಕ್ರಿಸ್ತಜಯಂತಿ ಕಳೆದ ವಾರ ಮಗಳು ಒಬ್ಬ ಹಳೆಯ ಆಟಗಾರ್ತಿಗೆ ಪತ್ರ ಬರೆಯಲು ಕೂತಳು. ನಿಮ್ಮ ಆಟ ನಾನು ನೋಡಿಲ್ಲ, ಓದಿ ತಿಳಿದೆ ಎಂದೇ ಶುರುಮಾಡಿದಳು. ರುಜು ಕೇಳಿದ್ದಾಳೆ. ಎರಡು ಪ್ರಶ್ನೆ ಕೇಳಿದ್ದಾಳೆ. ತಾನು ಏನು ಓದುತ್ತಿದ್ದೇನೆ, ಯಾವ ಆಟ ಆಡುತ್ತೇನೆ ಎಂದೂ ಬರೆದಿದ್ದಾಳೆ. ಉತ್ತರಕ್ಕೆ ಲಕೋಟೆ ಇಡಬೇಕೇ ಬೇಡವೇ ಎಂಬಲ್ಲಿ ನಮಗೆ ಚರ್ಚೆಯಾಯಿತು. ಇಟ್ಟರೆ ಅವರಿಗೆ ಖರ್ಚು ತಪ್ಪುತ್ತದೆ, ಅದು ಮರ್ಯಾದೆ ಎಂದೆ ನಾನು. "ಚೀಟಿ ಹಚ್ಚಿದ ಲಕೋಟೆ ಎದುರಿಗಿದ್ದರೆ ಬರೆಯಲೇಬೇಕು ಅಂತ ಅವರಿಗೆ ಅನ್ನಿಸೋದಿಲ್ವಾ ಅಪ್ಪಾ? ಹುಷಾರಿಲ್ಲದೆ ಇದ್ದರೆ?" ಎಂದಳು. ಕೊನೆಗೆ ವಿಳಾಸವನ್ನು ಪತ್ರದ ಮೇಲ್ಭಾಗದಲ್ಲಿ ಬರೆದು ಹಾಗೇ ಅಂಚೆಗೆ ಹಾಕಿದಳು. ಚೀಟಿ ಹಚ್ಚಿದ ಲಕೋಟೆ ಇನ್ನೂ ಮೇಜಿನ ಮೇಲಿದೆ. ಉತ್ತರ ಬಂದರೆ ಮುಂದಿನ ಪತ್ರಕ್ಕೆ ಬೇಕಾಗುತ್ತದೆ, ಅದನ್ನು ಯಾರೂ ಮುಟ್ಟಬೇಡಿ ಎಂದು ಹೇಳಿದ್ದಾಳೆ.