ನೀರು ಎಲ್ಲಿಗೆ ಹೋಯಿತು?

ಮಲೆನಾಡಿನಲ್ಲಿ ಮನೆ ಎಂದರೆ ಮನೆಯಷ್ಟೇ ಅಲ್ಲ, ಮನೆಗೆ ಬರುವ ದಾರಿಯೂ ಅದರಲ್ಲಿ ಸೇರಿದೆ. ಪೇಟೆಯಲ್ಲಿರುವ ನನ್ನ ತಂಗಿಗೆ ಇದು ಅರ್ಥವಾಗುವುದಿಲ್ಲ. ಅವಳು ಗೇಟು ತೆಗೆದರೆ ಮುನಿಸಿಪಾಲಿಟಿ ರಸ್ತೆ. ಅದು ಹಾಳಾದರೆ ಬೈಯುವುದಕ್ಕೆ ಯಾರಾದರೂ ಸಿಗುತ್ತಾರೆ. ನಮ್ಮದು ಹಾಗಲ್ಲ. ತೀರ್ಥಹಳ್ಳಿ ಸೀಮೆಯ ನಮ್ಮೂರಿನಲ್ಲಿ ಟಾರು ರಸ್ತೆಯಿಂದ ಇಳಿದು ಅಂಗಳ ಮುಟ್ಟುವವರೆಗಿನ ಇನ್ನೂರು ಅಡಿ ಇಳಿಜಾರು ನಮ್ಮದೇ. ಅದರ ಜಲ್ಲಿ ನಮ್ಮದು, ಗುಂಡಿ ನಮ್ಮದು, ನೆಂಟರ ಬೈಗುಳವೂ ನಮ್ಮದೇ.

2009ರಲ್ಲಿ ಮನೆಗೆ ಕಾರು ಬಂದಾಗ ಹಳೆಯ ಕಾಲುದಾರಿಯನ್ನು ಹತ್ತು ಅಡಿ ಅಗಲ ಮಾಡಿ ಜಲ್ಲಿ ಹಾಕಿಸಿದೆವು. ಮೊದಲ ಮಳೆಗಾಲಕ್ಕೇ ಚಕ್ರ ಓಡುವ ಎರಡೂ ಸಾಲು ಕೊರೆದುಹೋದವು. ಅಲ್ಲಿಂದ ಮುಂದೆ ಅದೊಂದು ವಾರ್ಷಿಕ ವ್ರತವಾಯಿತು. ದೀಪಾವಳಿಗೆ ಮೊದಲು ಒಂದು ಲೋಡ್ ಜಲ್ಲಿ ತರಿಸಿ ಗುಂಡಿಗೆ ಸುರಿಯುವುದು. ಮುಂದಿನ ಆಷಾಢದಲ್ಲಿ ಅದೇ ಜಲ್ಲಿಯನ್ನು ಅಂಗಳದ ಮೂಲೆಯಲ್ಲಿ ಗುಡಿಸುವುದು. "ಈ ವರ್ಷ ಮಳೆ ಜೋರು ಮಾರಾಯ್ತಿ" ಎನ್ನುತ್ತಿದ್ದರು ನಮ್ಮನೆಯವರು. ಎಲ್ಲ ವರ್ಷವೂ ಮಳೆ ಜೋರಾಗಿಯೇ ಇರುತ್ತಿತ್ತು.

2017ರ ಪುಷ್ಯ ಮಳೆಯಲ್ಲಿ ಅತ್ತೆಯವರಿಗೆ ಉಬ್ಬಸ ಹೆಚ್ಚಾಯಿತು. ನಮ್ಮ ಕಾರು ಇದೇ ದಾರಿಯಲ್ಲಿ ಹೊಟ್ಟೆ ಒಡೆದುಕೊಂಡು ಗ್ಯಾರೇಜು ಸೇರಿತ್ತು. ಬಾಡಿಗೆ ಕಾರಿನವನು ಮೇಲೆಯೇ ನಿಂತು, "ಇಳಿದರೆ ಹತ್ತೋದಿಲ್ಲ ಅಮ್ಮ" ಎಂದ. ನಾಲ್ಕು ಜನ ಸೇರಿ ಅತ್ತೆಯನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ದರು. ನಾನು ಕೊಡೆ ಹಿಡಿದು ಪಕ್ಕದಲ್ಲಿ ನಡೆದೆ. ಅರ್ಧ ದಾರಿಯಲ್ಲಿ ಒಬ್ಬನ ಕಾಲು ಗುಂಡಿಯಲ್ಲಿ ಸಿಕ್ಕಿ ಕುರ್ಚಿ ವಾಲಿತು. ಬೀಳಲಿಲ್ಲ. ಅತ್ತೆ ಎಂಟು ದಿನಕ್ಕೆ ಹುಷಾರಾಗಿ ಬಂದರು. ಆದರೆ ಆ ವಾಲಿದ ಕುರ್ಚಿ ನನ್ನ ಕಣ್ಣಿನಿಂದ ಹೋಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ದಾರಿಯ ಕೆಲಸವನ್ನು ನಾನೇ ವಹಿಸಿಕೊಂಡೆ.

ಮಣ್ಣು ಕೆಲಸದಲ್ಲೇ ತಲೆ ಹಣ್ಣಾದ ಮೇಸ್ತ್ರಿಯೊಬ್ಬರು ಬಂದು ನೋಡಿದರು. "ಎಷ್ಟು ಲೋಡ್ ಜಲ್ಲಿ ಬೇಕಾದೀತು?" ಎಂದೆ.

"ಜಲ್ಲಿ ಆಮೇಲೆ ಅಮ್ಮ. ಮಳೆ ಹೊಯ್ಯುವಾಗ ಈ ದಾರಿ ನೋಡಿದೀರಾ?"

ನೋಡಿರಲಿಲ್ಲ. ಮಳೆ ಬಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವವರು ನಾವು. ನಿಂತ ಮೇಲೆ ಹೊರಗೆ ಬಂದು ಗುಂಡಿ ಎಣಿಸುತ್ತಿದ್ದೆವು.

ಅವರು ಮಾಡಿಸಿದ ಕೆಲಸವನ್ನು ಇಲ್ಲಿ ಬರೆದಿಡುತ್ತೇನೆ, ಯಾರಿಗಾದರೂ ಬೇಕಾದೀತು. ಗುಂಡಿಗೆ ಬರಿ ಜಲ್ಲಿ ಸುರಿದರೆ ಚಕ್ರ ಹರಿದಂತೆ ಅದು ಚೆದುರಿಹೋಗುತ್ತದೆ. ಸುತ್ತಲಿನ ಸಡಿಲ ಅಂಚನ್ನೂ ಸೇರಿಸಿ ತಳದವರೆಗೆ ಪಿಕಾಸಿಯಿಂದ ಕಡಿದು ಕೆಸರು ತೆಗೆಯಬೇಕು. ಅಡಿಗೆ ನಲವತ್ತು ಎಂ.ಎಂ. ಜಲ್ಲಿ, ಮೇಲೆ ಇಪ್ಪತ್ತು ಎಂ.ಎಂ., ಸಂದಿಗೆ ಜಲ್ಲಿಪುಡಿ ಮತ್ತು ಗರಸು ಮಣ್ಣು. ಹೊಳೆಯ ನುಣುಪು ಕಲ್ಲು ಉರುಳುತ್ತದೆ. ಒಡೆದ ಕಲ್ಲಿನ ಮೂಲೆಗಳು ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಮೂರ್ನಾಲ್ಕು ಅಂಗುಲಕ್ಕೊಂದು ಪದರ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಮ್ಮಸು. ಕೊನೆಗೆ ದಾರಿಯ ನಡು ಅಂಚಿಗಿಂತ ಎರಡೂವರೆ ಅಂಗುಲ ಎತ್ತರ ನಿಲ್ಲಬೇಕು, ಆಮೆಯ ಬೆನ್ನಿನ ಹಾಗೆ. ಬಿದ್ದ ನೀರು ದಾರಿಯುದ್ದಕ್ಕೆ ಓಡದೆ ಬದಿಯ ಚರಂಡಿಗೆ ಇಳಿಯಬೇಕು.

ಇಂಜಿನಿಯರಿಂಗ್ ಓದುತ್ತಿದ್ದ ಮಗ ಕೇಳಿ ನಕ್ಕ. ಸ್ಕಾಟ್ಲೆಂಡಿನ ಜಾನ್ ಮೆಕ್ಯಾಡಂ (1756–1836) ಎಂಬಾತ ಕಲಿಸಿದ್ದೂ ಹೆಚ್ಚುಕಡಿಮೆ ಇದನ್ನೇ ಅಂತೆ. ಅವನ ಹೆಸರಿನ ರಸ್ತೆ ನಮ್ಮ ಕಂಟ್ರಾಕ್ಟರುಗಳ ಬಾಯಲ್ಲಿ ಇನ್ನೂ ಇದೆ. ಗಾಡಿಯ ಭಾರವನ್ನು ಕೊನೆಗೆ ಹೊರುವುದು ಕಲ್ಲಲ್ಲ, ಅದರ ಅಡಿಯ ಮಣ್ಣು. ಒಣಗಿರುವಷ್ಟು ಕಾಲ ಮಣ್ಣು ಎಂಥ ಭಾರವನ್ನೂ ಹೊರುತ್ತದೆ. ಕಲ್ಲಿನ ಕೆಲಸ ಅದಕ್ಕೆ ಕೊಡೆ ಹಿಡಿಯುವುದು. ಒಂಬತ್ತು ವರ್ಷ ನಾವು ಕೊಡೆಗೆ ದುಡ್ಡು ಸುರಿದಿದ್ದೆವು, ಅಡಿಯಲ್ಲಿ ನೆನೆಯುತ್ತಿದ್ದವರನ್ನು ಕೇಳಿರಲಿಲ್ಲ.

ಚರಂಡಿಯ ಕೆಲಸ ಮುಗಿಯುತ್ತ ಬಂದಾಗ ಮೇಸ್ತ್ರಿ ಕೇಳಿದರು: "ನೀರು ಎಲ್ಲಿಗೆ ಬಿಡೋದು ಅಮ್ಮ?"

ಒಲೆಯ ಮೇಲೆ ಹಾಲಿತ್ತು. "ಬೇಲಿಯಾಚೆ ಬಿಡಿ, ಕೆಳಗೆ ಇಳಿದು ಹೋಗ್ತದೆ" ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಹಾಗೆಯೇ ಮಾಡಿದರು.

2018ರ ಆರಿದ್ರಾ ಮಳೆ ಹುಯ್ದಿತು. ದಾರಿಯ ಒಂದು ಕಲ್ಲು ಅಲುಗಲಿಲ್ಲ. ನಾನು ಜಗಲಿಯಲ್ಲಿ ನಿಂತು ನಮ್ಮನೆಯವರ ಕಡೆ ನೋಡಿದ ಬಗೆಯನ್ನು ನೀವು ಊಹಿಸಿಕೊಳ್ಳಬಹುದು. ನಾಲ್ಕನೆಯ ದಿನ ಬೆಳಿಗ್ಗೆ ಕೆಳಗಿನ ಮನೆಯವಳು ಕೊಡ ಹಿಡಿದು ಹಿತ್ತಿಲ ಬಾಗಿಲಿಗೆ ಬಂದಳು. ಕೊಯ್ಲಿನ ಕಾಲದಲ್ಲಿ ನಮ್ಮಲ್ಲಿ ಅಡಿಕೆ ಸುಲಿಯಲು ಬರುವವಳು ಅವಳು.

"ಎರಡು ಕೊಡ ನೀರು ಬೇಕಿತ್ತು ಅಮ್ಮ. ನಮ್ಮ ಬಾವಿ ಯಾಕೋ ಕೆಂಪಾಗಿದೆ."

ಯಾಕೆಂದು ಅವಳಿಗೆ ಗೊತ್ತಿತ್ತು. ಆ ಕ್ಷಣದಲ್ಲಿ ನನಗೂ ಗೊತ್ತಾಯಿತು. ಆ 'ಯಾಕೋ' ಎನ್ನುವುದು ಅವಳು ನನ್ನ ಮರ್ಯಾದೆಗೆ ಹೊದಿಸಿದ ಬಟ್ಟೆ. ಜಗಳವಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರವಾಗುತ್ತಿದ್ದೆ. ಆದರೆ ಮಾಗಿಯಲ್ಲಿ ಅಡಿಕೆ ಸುಲಿಯಲು ಕರೆಯುವ ಮನೆಯೊಂದಿಗೆ ಅವಳು ಜಗಳವಾಡುವುದು ಹೇಗೆ? ಅವಳ ಮೌನವನ್ನು ಒಪ್ಪಿಗೆ ಎಂದುಕೊಳ್ಳುವುದು ನನಗೆ ಎಷ್ಟು ಸುಲಭವಿತ್ತು!

'ಕೆಳಗೆ ಇಳಿದು ಹೋಗ್ತದೆ' ಎಂದಿದ್ದೆ. ಕೆಳಗೆ ಯಾರಿದ್ದಾರೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು, ಹಾಲು ಉಕ್ಕುತ್ತಿತ್ತು, ನೆನಪು ಮಾಡಿಕೊಳ್ಳಲಿಲ್ಲ. ನನ್ನ ದಾರಿಯ ಗುಂಡಿ ಇಲ್ಲವಾಗಿರಲಿಲ್ಲ, ಅವಳ ಬಾವಿಗೆ ಹೋಗಿ ಕೂತಿತ್ತು. ಇದನ್ನು ರಿಪೇರಿ ಎನ್ನಬಹುದೇ? ನಮ್ಮ ಸಂಸಾರಗಳಲ್ಲಿಯೂ ಎಷ್ಟೋ ಸಂಗತಿ ಹೀಗೆ ಸರಿಹೋಗುತ್ತದೆ. ಅಣ್ಣತಮ್ಮಂದಿರ ಮನಸ್ತಾಪ ಮುಗಿಯಿತು ಎನ್ನುತ್ತೇವೆ. ಅದನ್ನು ನುಂಗಿಕೊಂಡು ಕೂತ ಅತ್ತಿಗೆ ಒಳಮನೆಯಲ್ಲಿರುತ್ತಾಳೆ. ಹಬ್ಬ ಸಲೀಸಾಗಿ ಕಳೆಯಿತು ಎನ್ನುತ್ತೇವೆ. ಕೆಲಸದವಳ ಸೊಂಟ ಎರಡು ದಿನ ಏಳುವುದಿಲ್ಲ. ಗದ್ದಲ ನಿಂತಿದ್ದೇ ಸರಿಹೋದದ್ದಕ್ಕೆ ಗುರುತು ಎಂದುಕೊಳ್ಳುತ್ತೇವೆ. ಅದು ಎಲ್ಲಿಗೆ ಹೋಯಿತು ಎಂದು ಕೇಳುವುದಿಲ್ಲ, ಯಾಕೆಂದರೆ ಕೇಳಿದರೆ ಕೆಲಸ ಮತ್ತೆ ಮೊದಲಿಂದ ಶುರು.

ಆವತ್ತು ಮಧ್ಯಾಹ್ನ ಕೊಡೆ ಹಿಡಿದು ಮಳೆಯಲ್ಲೇ ದಾರಿ ಹತ್ತಿದೆ. ಇಷ್ಟೊಂದು ನೀರು ಬರುವುದಾದರೂ ಎಲ್ಲಿಂದ? ದಣಪೆಯ ಹತ್ತಿರ ನಿಂತಾಗ ಕಂಡಿತು. ಟಾರು ರಸ್ತೆಯ ಪಕ್ಕದ ಚರಂಡಿ ಮೇಲಿನಿಂದ ತುಂಬಿ ಬಂದು, ನಮ್ಮ ದಾರಿ ಸೇರುವಲ್ಲಿ ಗಕ್ಕನೆ ನಿಂತು, ನಮ್ಮ ಕಡೆಗೆ ತಿರುಗುತ್ತಿತ್ತು. ತಡೆದವರು ನಾವೇ. 2009ರಲ್ಲಿ ಕಾರು ಇಳಿಯಲಿ ಎಂದು ಆ ಚರಂಡಿಗೆ ಮಣ್ಣು ತುಂಬಿದ್ದೆವು. ಅಡಿಯಲ್ಲಿ ಒಂದು ಪೈಪು ಹಾಕಿರಲಿಲ್ಲ. ಹಳ್ಳಕ್ಕೆ ಹೋಗುತ್ತಿದ್ದ ಊರ ನೀರನ್ನು ನಾವೇ ಮನೆಗೆ ಕರೆದು, ಒಂಬತ್ತು ವರ್ಷ ಮಳೆಯನ್ನು ಬೈದಿದ್ದೆವು.

ಮಳೆಗಾಲ ಮುಗಿಯುವವರೆಗೆ ಕಾಯುವಂತಿರಲಿಲ್ಲ. ಮರುದಿನವೇ ಬೇಲಿಯ ಬಾಯಿಗೆ ಮಣ್ಣಿನ ಮೂಟೆ ಇಟ್ಟು ನೀರನ್ನು ನಮ್ಮ ಅಂಗಳದ ಕಡೆಗೇ ತಿರುಗಿಸಿದೆ. ಅಂಗಳ ಆ ವರ್ಷ ಕೆಸರುಗದ್ದೆಯಾಯಿತು. ಕೆಳಗಿನ ಮನೆಗೆ ಬಾವಿ ತಿಳಿಯಾಗುವವರೆಗೆ ನಮ್ಮ ಬಾವಿಯ ನೀರು ಹೋಯಿತು. "ನಿನ್ನ ರಿಪೇರಿ ಚೆನ್ನಾಗಿದೆ" ಎಂದು ನಮ್ಮನೆಯವರು ನಕ್ಕರು. ನಗಲಿ ಎಂದುಕೊಂಡೆ.

ಮಳೆ ಕಳೆದ ಮೇಲೆ ಪಂಚಾಯಿತಿಯನ್ನು ಕೇಳಿ, ಚರಂಡಿ ಬಿಡಿಸಿ, ದೊಡ್ಡ ಸಿಮೆಂಟ್ ಪೈಪು ಕೂರಿಸಿ ಮೋರಿ ಮಾಡಿಸಿದೆವು. ರಸ್ತೆಯ ನೀರು ತನ್ನ ಹಳೆಯ ಹಳ್ಳದ ದಾರಿ ಹಿಡಿಯಿತು. ಇನ್ನು ಉಳಿದದ್ದು ನಮ್ಮ ದಾರಿಯ ಮೇಲೇ ಬಿದ್ದ ನೀರು, ನಮ್ಮ ಪಾಲಿನದು. ಅದಕ್ಕೆ ಧರೆಯಿಂದ ದೂರ, ತೋಟದ ಮಟ್ಟಸ ಜಾಗದಲ್ಲಿ ಇಂಗುಗುಂಡಿ ತೋಡಿಸಿದೆವು. ಧರೆಯ ತಲೆಯ ಮೇಲೆ ನೀರು ಇಂಗಿಸಿದರೆ ಧರೆಯೇ ಜರಿದೀತು ಎಂದು ಮೇಸ್ತ್ರಿ ಎಚ್ಚರಿಸಿದ್ದರು. ಕೆಲಸ ಮುಗಿದಾಗ ಅವರನ್ನು ಕೇಳಿದೆ, "ಆವತ್ತೇ ಯಾಕೆ ಹೇಳಲಿಲ್ಲ?" "ಕೇಳಿದ್ದೆನಲ್ಲ ಅಮ್ಮ" ಎಂದರು.

2019ರ ಆಗಸ್ಟಿನಲ್ಲಿ ಮಲೆನಾಡಿಗೆ ಬಂದ ಮಳೆ ನಿಮಗೆ ನೆನಪಿರಬಹುದು. ಆ ಮಳೆಯನ್ನೂ ದಾರಿ ತಡೆದುಕೊಂಡಿತು. ಹಾಗೆಂದು ಒಮ್ಮೆ ಮಾಡಿ ಕೈತೊಳೆದುಕೊಳ್ಳುವ ಕೆಲಸವಲ್ಲ ಇದು. ಮೋರಿಗೆ ದರಗು ಕಟ್ಟುತ್ತದೆ, ಇಂಗುಗುಂಡಿಯಲ್ಲಿ ಹೂಳು ಕೂರುತ್ತದೆ, ನಡುವಿನ ಎತ್ತರ ಸವೆಯುತ್ತದೆ. ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲು ಗುದ್ದಲಿ ಹಿಡಿದು ಒಂದು ಸುತ್ತು ಹೋಗುತ್ತೇನೆ. ಮೊದಲ ದೊಡ್ಡ ಮಳೆ ಬಂದಾಗ ಒಳಗೆ ಓಡುವುದಿಲ್ಲ. ಕೊಡೆ ತೆಗೆದುಕೊಂಡು ದಾರಿ ನೋಡುತ್ತೇನೆ. ಆಮೇಲೆ ಬೇಲಿಯ ಹತ್ತಿರ ಹೋಗಿ ಕೆಳಗಿನ ಮನೆಯವಳನ್ನು ಕೂಗಿ ಕೇಳುತ್ತೇನೆ:

"ಬಾವಿ ಹೇಗಿದೆಯೇ?"

"ತಿಳಿಯಾಗಿದೆ ಅಮ್ಮ" ಎನ್ನುತ್ತಾಳೆ. ಈಗೀಗ, ಸ್ವಲ್ಪ ಕದಡಿದ್ದರೆ, ಕದಡಿದೆ ಎಂದೂ ಹೇಳುತ್ತಾಳೆ.