ಪಹಣಿಯಲ್ಲಿ ಹೆಸರಿಲ್ಲದವರು

ನಂದಿಯ ಸುತ್ತಲ ಬೆಟ್ಟಗಳಲ್ಲಿ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಹುಟ್ಟುತ್ತವೆ ಎಂದು ನಮ್ಮ ಕಡೆ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ವರ್ಷವಿಡೀ ಹರಿಯುವ ನದಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಒಂದೂ ಇಲ್ಲ. ಇಲ್ಲಿಯವರಿಗೆ ವಿಪತ್ತು ಎಂದರೆ ಬರ. 1876-78ರ ಧಾತು-ಈಶ್ವರ ಬರದಿಂದ ಹಿಡಿದು ಸಾವಿರ ಅಡಿ ಕೊರೆದರೂ ದೂಳು ಕಾರುವ ಬೋರ್‌ವೆಲ್‌ವರೆಗೆ ಅದೇ ಕಥೆ. ಬರಕ್ಕೆ ಅವಸರವಿಲ್ಲ, ದನ ಮಾರಿಕೊಳ್ಳಲು, ಬೆಂಗಳೂರಿಗೆ ಗುಳೆ ಹೋಗಲು ಪುರಸೊತ್ತು ಕೊಡುತ್ತದೆ. 2021ರ ನವೆಂಬರ್ ಮಳೆ ಅದನ್ನೂ ಕೊಡಲಿಲ್ಲ.

ಕೊಯ್ಲಿಗೆ ಬಂದ ರಾಗಿ ನೆಲಕಚ್ಚಿ ತೆನೆಯಲ್ಲೇ ಮೊಳೆಯಿತು. ಜಾಲಿ ಬೆಳೆದು ಬಿದ್ದಿದ್ದ ಕೆರೆಗಳು ಕೋಡಿ ಹರಿದವು. ಗೌರಿಬಿದನೂರಿನಲ್ಲಿ ಉತ್ತರ ಪಿನಾಕಿನಿ ತುಂಬಿ ಬಂತು. ನೀರು ಕಾಣದ ವರ್ಷಗಳಲ್ಲಿ ರಾಜಕಾಲುವೆಗಳ ಮೇಲೆ ಸೈಟು, ಅಂಗಡಿ ಎದ್ದಿದ್ದವು. ಕೆರೆಗೆ ಬಾಗಿನ ಬಿಡುವ ಸಂಭ್ರಮ ಒಂದು ಕಡೆ, ತಗ್ಗಿನ ಮನೆಗಳಿಂದ ನೀರು ಮೊಗೆದು ಹಾಕುವ ಪಾಡು ಇನ್ನೊಂದು ಕಡೆ.

ಹಿಂದೆ ಕೆರೆ ಕಾಯಲೆಂದೇ ಊರಲ್ಲಿ ಒಬ್ಬ ನೀರಗಂಟಿ ಇರುತ್ತಿದ್ದ. ಏರಿ ಎಲ್ಲಿ ಜಿನುಗುತ್ತಿದೆ, ತೂಬು ಎಷ್ಟು ಎತ್ತಬೇಕು, ಕೋಡಿ ಬಿದ್ದರೆ ಮೊದಲು ಯಾರ ಗದ್ದೆ ಮುಳುಗುತ್ತದೆ, ಎಲ್ಲ ಅವನಿಗೆ ಗೊತ್ತು. ಸುಗ್ಗಿಯಲ್ಲಿ ರೈತರ ಕಣದಿಂದ ಅವನ ಪಾಲು ಸಲ್ಲುತ್ತಿತ್ತು. ಊರು ತನ್ನ ಸುರಕ್ಷತೆಗೆ ತಾನೇ ತೆರುತ್ತಿದ್ದ ಬೆಲೆ ಅದು. ಈ ವ್ಯವಸ್ಥೆಯನ್ನು ಹೊಗಳುವವರು ಇನ್ನೊಂದು ಮಾತನ್ನೂ ಹೇಳಬೇಕು: ಬಹಳ ಊರುಗಳಲ್ಲಿ ಆ ಕೆಲಸ ದಲಿತರದು, ಊರನ್ನು ಕಾಯುವವನ ಮನೆ ಊರಾಚೆ.

ಆ ಮಳೆಯ ಬೆನ್ನಿಗೇ, 2021ರ ಡಿಸೆಂಬರ್‌ನಲ್ಲಿ ನೆಲವೂ ನಡುಗಿತು. ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ಲು ಸುತ್ತಿನ ಹಳ್ಳಿಗಳಲ್ಲಿ ರಿಕ್ಟರ್ ಮಾಪಕದಲ್ಲಿ ಮೂರರ ಆಸುಪಾಸಿನ ಕಂಪನ. ಅತಿಯಾದ ಮಳೆ ನೆಲದೊಳಗೆ ಇಳಿದದ್ದೇ ಕಾರಣವಿರಬಹುದು, ಹೆದರಬೇಕಿಲ್ಲ ಎಂದರು ತಜ್ಞರು. ಅವರ ಯಂತ್ರ ಕಂಪನವನ್ನು ಅಳೆಯಬಲ್ಲದು. ಹಾಸಿಗೆ ಹಿಡಿದ ಅಜ್ಜಿ ಯಾವ ಮನೆಯಲ್ಲಿದ್ದಾಳೆ, ಯಾರ ಮಣ್ಣಿನ ಗೋಡೆ ಆಗಲೇ ನೆನೆದು ನಿಂತಿದೆ ಎಂಬುದನ್ನು ಪಕ್ಕದ ಮನೆಯವರೇ ಹೇಳಬೇಕು.

ಸಮುದಾಯದ ನೆರವು ಎಂದಾಗ ನಮ್ಮ ಕಣ್ಣಿಗೆ ಬರುವುದು ಲಾರಿ, ಬ್ಯಾನರು, ಅಕ್ಕಿ ಮೂಟೆ. ಇವೂ ಬೇಕು. 2018ರ ಭೂಕುಸಿತದಲ್ಲಿ ಕೊಡಗಿಗೆ ನಾಡಿನ ಮೂಲೆಮೂಲೆಯಿಂದ ಲಾರಿಗಳು ಹೋದದ್ದು ಸಣ್ಣ ಸಂಗತಿಯೇನಲ್ಲ. ಆದರೆ ಸಾಮಾನನ್ನು ಯಾರಾದರೂ ತಂದುಕೊಟ್ಟಾರು, ಯಾರಿಗೆ ಏನು ಹೋಯಿತು ಎಂಬ ಲೆಕ್ಕ ಹೊರಗಿನಿಂದ ಬರುವುದಿಲ್ಲ.

ಆ ಲೆಕ್ಕದಲ್ಲೇ ನಾವು ಸೋಲುವುದು. 2021ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಮಳೆಯಾಶ್ರಿತ ಬೆಳೆಗಿದ್ದ ಪರಿಹಾರವನ್ನು ಹೆಕ್ಟೇರಿಗೆ 6,800 ರೂಪಾಯಿಯಿಂದ 13,600ಕ್ಕೆ ಏರಿಸಿತು. ಒಳ್ಳೆಯದೇ. ಹಣ ಹೋಗುವುದು ಪಹಣಿಯಲ್ಲಿ ಹೆಸರಿರುವವರ ಖಾತೆಗೆ. ಚಿಂತಾಮಣಿ ಕಡೆ ಗುತ್ತಿಗೆಗೋ ಪಾಲಿಗೋ ಜಮೀನು ಹಿಡಿದು, ಸಾಲ ಮಾಡಿ ಟೊಮೆಟೊ ಇಟ್ಟವನ ಹೆಸರು ಅಲ್ಲಿರುವುದಿಲ್ಲ. ಶಿಡ್ಲಘಟ್ಟದ ಪಾಡು ಇನ್ನೂ ತೊಡಕಿನದು. ಸೋನೆ ಹಿಡಿದರೆ ಒದ್ದೆ ಸೊಪ್ಪು ತಿಂದ ರೇಷ್ಮೆಹುಳುವಿಗೆ ರೋಗ, ಮಾರುಕಟ್ಟೆಗೆ ಬರುವ ಗೂಡು ಕಡಿಮೆ, ಗೂಡು ಬಾರದಿದ್ದರೆ ರೀಲಿಂಗ್ ಘಟಕಕ್ಕೆ ಬೀಗ. ಅಲ್ಲಿ ದಿನಗೂಲಿಗೆ ನೂಲು ತೆಗೆಯುವ ಹೆಂಗಸಿನ ಮನೆಗೆ ನೀರು ನುಗ್ಗಿಲ್ಲ, ಹೊಲ ಮೊದಲೇ ಇಲ್ಲ. ಯಾವ ನಮೂನೆಯಲ್ಲಿ ಬರೆಯುತ್ತಾರೆ ಅವಳ ನಷ್ಟವನ್ನು?

ಇಂಥವರ ಕಷ್ಟ ಬೀದಿಯವರಿಗೆ ಗೊತ್ತಿರುತ್ತದೆ. ಕಿರಾಣಿ ಅಂಗಡಿಯ ಸಾಲದ ಪುಸ್ತಕ ನೋಡಿದರೆ ಸಾಕು. ಆದರೆ ನೆರೆಯವರ ಕಣ್ಣೂ ಸಾಮಾನ್ಯವಾಗಿ ತಮ್ಮ ಜಾತಿ, ತಮ್ಮ ಬೀದಿ ದಾಟುವುದಿಲ್ಲ. ಕಾಲೊನಿಗೆ ಕೊನೆಯಲ್ಲಿ ಕಿಟ್ ತಲುಪುವುದನ್ನು, ಬಾಡಿಗೆಗಿರುವ ಪರವೂರಿನ ಕೂಲಿಯವರನ್ನು ಯಾರೂ ಎಣಿಸದಿರುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಗಾಗಿ 'ಊರು ಒಗ್ಗಟ್ಟಾಗಿ ನಿಂತಿತು' ಎಂಬ ಸುದ್ದಿ ಓದಿದಾಗಲೆಲ್ಲ ಆ ಊರಿನಲ್ಲಿ ಯಾರ್ಯಾರನ್ನು ಸೇರಿಸಿಕೊಂಡಿದ್ದರು ಎಂದು ಕೇಳಬೇಕೆನಿಸುತ್ತದೆ.

ಮುಂದಿನ ಮಳೆಗಾಲಕ್ಕೆ ಮುಂಚೆ ನಿಮ್ಮ ಪಂಚಾಯಿತಿಯ ಗ್ರಾಮಸಭೆಗೆ ಹೋಗಿ. ಪಾಲಿಗೆ ಉಳುವವರು, ಗೂಡು ಬಿಚ್ಚುವವರು, ಒಂಟಿ ಮುದುಕರು, ಬಾಡಿಗೆಯವರು, ಇವರೆಲ್ಲರ ಪಟ್ಟಿ ಮಾಡಿಸಿ, ನಡಾವಳಿ ಪುಸ್ತಕಕ್ಕೆ ಬರೆಸಿ. ಕೆರೆ ಕಾಯುವವರು ಯಾರು, ಅವರಿಗೆ ಕೂಲಿ ಕೊಡುವವರು ಯಾರು ಎಂಬುದೂ ಅದೇ ಪುಸ್ತಕದಲ್ಲಿರಲಿ.